ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ

ಮಳೆಗಾಲದ ಒಂದು ಬೆಳಿಗ್ಗೆ 62 ವರ್ಷದ ಕ್ರೈಸ್ತ ಹೆಂಗಸೊಬ್ಬರು ನೆರೆಮನೆಯ ಹುಡುಗಿಯ ಕೈ ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. 11 ವರ್ಷಗಳಿಂದ ರಕ್ತದೊತ್ತಡಕ್ಕೆ ನನ್ನಲ್ಲೇ ಔಷಧಿ ತೆಗೆದುಕೊಳ್ಳುತ್ತಿದ್ದವರು. ಹಿಂದಿನ ಸಂಜೆ ಚಹಾ ಕುಡಿಯುತ್ತಿದ್ದಾಗ ಬಲಗೈ ಮರಗಟ್ಟಿದಂತಾಗಿ ಲೋಟ ಕೆಳಗೆ ಬಿತ್ತಂತೆ. ಮಾತೂ ತೊದಲಿತಂತೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು, ಹಾಗಾಗಿ ರಾತ್ರಿಯೇ ಬರಲಿಲ್ಲ ಎಂದರು. ಒತ್ತಡ ನೋಡಿದೆ: 210/118. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಲ್ಲ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಬಿಟ್ಟು ಐದು ವಾರ ಆಯಿತು ಡಾಕ್ಟ್ರೇ. ಪ್ರಾರ್ಥನಾ ಕೂಟದಲ್ಲಿ ನನಗೆ ಗುಣ ಆಗಿದೆ ಅಂತ ಹೇಳಿದ್ದಾರೆ. ಇನ್ನೂ ಮಾತ್ರೆ ನುಂಗಿದರೆ ದೇವರ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ ಆಗುವುದಿಲ್ಲವಾ?"

ಅವರನ್ನು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಮೆದುಳಿಗೆ ಹೋಗುವ ರಕ್ತ ಕೆಲವು ನಿಮಿಷ ತಡೆದು ಮತ್ತೆ ಹರಿದಾಗ ಹೀಗಾಗುತ್ತದೆ. ಅದು ಪಾರ್ಶ್ವವಾಯುವಿನ ಮುನ್ಸೂಚನೆ. ಕೈ ಸರಿಹೋಯಿತಲ್ಲ ಎಂದು ಮನೆಯಲ್ಲಿ ಕೂರುವುದು ಬಹಳ ಅಪಾಯದ ಕೆಲಸ. ಈ ಬಾಯಮ್ಮನ ಅದೃಷ್ಟ ಚೆನ್ನಾಗಿತ್ತು, ನಾಲ್ಕು ದಿನದಲ್ಲಿ ನಡೆದುಕೊಂಡೇ ಮನೆಗೆ ಹೋದರು. ಆದರೆ ಅವರು ಕೇಳಿದ ಪ್ರಶ್ನೆ ನನ್ನೊಡನೆ ಉಳಿಯಿತು. ನಾನೂ ಅದೇ ಧರ್ಮದ ಮನೆಯಲ್ಲಿ ಬೆಳೆದವನು. ಉತ್ತರ ಹೇಳುವ ಜವಾಬ್ದಾರಿ ನನ್ನ ಮೇಲೂ ಇದೆ ಎನ್ನಿಸಿತು.

ಮತ್ತೆ ಬಂದಾಗ ನಾನೊಂದು ಪ್ರಶ್ನೆ ಕೇಳಿದೆ: "ಮನೆಯಲ್ಲಿ ಈಗ ಸಂಜೆಯ ತೆರ್ಸ್ ಹೇಳುತ್ತೀರಾ?" ಇಲ್ಲ ಎಂದರು. ಗಂಡ ತೀರಿಹೋದ ಮೇಲೆ ನಿಂತುಹೋಯಿತು. ಒಬ್ಬ ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ಒಬ್ಬಳೇ ಕೂತು ಯಾರಿಗೆ ಹೇಳುವುದು, ಅರ್ಧ ನಾನು ಹೇಳಿದರೆ ಉಳಿದರ್ಧ ಹೇಳುವವರು ಯಾರು ಎಂದರು. ಮೂರು ವರ್ಷದಿಂದ ದಿನದ ಪ್ರಾರ್ಥನೆ ಇಲ್ಲದ ಅವರು, ಮೂರು ದಿನದ ಕೂಟದಲ್ಲಿ ಎಲ್ಲವನ್ನೂ ಒಮ್ಮೆಲೇ ಪಡೆದುಕೊಳ್ಳಲು ಹೋಗಿದ್ದರು.

ಇಂಥವರನ್ನು ನಾನು ಸಾಕಷ್ಟು ನೋಡಿದ್ದೇನೆ. ದಿನವೂ ಸದ್ದಿಲ್ಲದೆ ಪ್ರಾರ್ಥನೆ ಮಾಡುವವರು ಮಾತ್ರೆ ಬಿಟ್ಟು ಬರುವುದು ಕಡಿಮೆ. ಕಷ್ಟ ಬಂದಾಗ ಮಾತ್ರ ದೇವರನ್ನು ಹುಡುಕಿಕೊಂಡು ಓಡುವವರಲ್ಲಿ ಅದು ಹೆಚ್ಚು. ಇದು ಲೆಕ್ಕ ಇಟ್ಟು ಹೇಳುವ ಮಾತಲ್ಲ, ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಕಂಡದ್ದು. ಆದರೂ ಅದಕ್ಕೆ ಕಾರಣವಿದೆ ಎಂದು ನನ್ನ ನಂಬಿಕೆ.

ಈ ಪದ್ಧತಿಯ ಪರಿಚಯ ಇಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಮಂಗಳೂರು ಕಡೆಯ ಕೊಂಕಣಿ ಕಥೋಲಿಕರ ಮನೆಗಳಲ್ಲಿ ಸಂಜೆ ಇಗರ್ಜಿಯ ಗಂಟೆ ಹೊಡೆದ ಮೇಲೆ ಮನೆಮಂದಿಯೆಲ್ಲ ಪೀಠದ ಮುಂದೆ ಸೇರಿ ಜಪಸರ ಹಿಡಿದು ಹೇಳುವ ಪ್ರಾರ್ಥನೆಯೇ ತೆರ್ಸ್. ಹತ್ತು ಹತ್ತು ಮಣಿಗಳ ಐದು ಸುತ್ತು, ಮಣಿಗೊಂದರಂತೆ 'ನಮೋ ಮರಿಯಾ'. ಮುಂದಾಳು ಮೊದಲರ್ಧ ಹೇಳಿದರೆ ಉಳಿದವರು ಎರಡನೆಯ ಅರ್ಧ ಹೇಳುತ್ತಾರೆ. ಮುಗಿದ ಮೇಲೆ ಕಿರಿಯರು ಸರದಿಯಂತೆ ಹಿರಿಯರ ಬಳಿ ಹೋಗಿ ಕೈಮುಗಿದು 'ಬೆಸಾಂವ್', ಅಂದರೆ ಆಶೀರ್ವಾದ, ಕೇಳುತ್ತಾರೆ. ಆ ದಿನ ಎಷ್ಟೇ ಜಗಳ ಆಡಿದ್ದರೂ ಅಪ್ಪನ ಮುಂದೆ ಹೋಗಿ ನಿಲ್ಲಲೇಬೇಕು, ಅಪ್ಪ ತಲೆಯ ಮೇಲೆ ಕೈ ಎತ್ತಲೇಬೇಕು. ಹುಡುಗನಾಗಿದ್ದಾಗ ಇದು ನನಗೆ ದೊಡ್ಡ ಶಿಕ್ಷೆಯಾಗಿ ಕಾಣುತ್ತಿತ್ತು. ಮನಸ್ಸಿನ ಕಾಯಿಲೆಯ ರೋಗಿಗಳನ್ನು ನೋಡತೊಡಗಿದ ಮೇಲೆ, ಜಗಳ ರಾತ್ರಿಗೆ ಉಳಿಯದಂತೆ ನೋಡಿಕೊಳ್ಳಲು ಇದಕ್ಕಿಂತ ಅಗ್ಗದ ಉಪಾಯ ಇರಲಾರದು ಎನ್ನಿಸಿದೆ. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಜಪಸರ ಇಲ್ಲ. ಅಲ್ಲಿ ಬೈಬಲಿನ ಒಂದು ಭಾಗ ಓದಿ, ಒಂದು ಕೀರ್ತನೆ ಹಾಡಿ, ಮನೆಯ ಹಿರಿಯರು ಪ್ರಾರ್ಥಿಸುವ ಕುಟುಂಬ ಪ್ರಾರ್ಥನೆ. ರೂಪ ಬೇರೆ, ಹೊತ್ತು ಹೆಚ್ಚುಕಡಿಮೆ ಅದೇ.

ದಿನಕ್ಕೆ ಇಂತಿಷ್ಟು ಬಾರಿ ಎಂಬ ಈ ಕಟ್ಟುಪಾಡು ಹೊಸದೂ ಅಲ್ಲ. ದಾನಿಯೇಲನು ದಿನಕ್ಕೆ ಮೂರು ಬಾರಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದನೆಂದು ಬೈಬಲು ಹೇಳುತ್ತದೆ. ಕ್ರೈಸ್ತ ಸಭೆಯ ಅತಿ ಹಳೆಯ ಬರಹಗಳಲ್ಲಿ ಒಂದಾದ 'ದಿದಾಖೆ'ಯಲ್ಲಿ ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂಬ ಸೂಚನೆ ಇದೆ. ಆ ಪ್ರಾರ್ಥನೆಯಲ್ಲಿಯೂ ಕೇಳಿಕೊಳ್ಳುವುದು ಆ ದಿನದ ರೊಟ್ಟಿಯನ್ನು, ವರ್ಷದ ದಾಸ್ತಾನನ್ನಲ್ಲ. ಯೇಸುವಿನ ಬಗ್ಗೆಯೇ ಮಾರ್ಕನು ಬರೆದ ಒಂದು ಸಂಗತಿ ವೈದ್ಯನಾದ ನನಗೆ ಬಹಳ ಹಿಡಿಸುತ್ತದೆ. ಕಪೆರ್ನೌಮ್ ಊರಿನಲ್ಲಿ ಸೂರ್ಯ ಮುಳುಗಿದ ಮೇಲೆ ಊರಿಗೆ ಊರೇ ರೋಗಿಗಳನ್ನು ಹೊತ್ತು ತಂದು ಬಾಗಿಲಲ್ಲಿ ನೆರೆಯಿತು. ಅಷ್ಟು ಜನರನ್ನು ನೋಡಿದವನು ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಒಬ್ಬನೇ ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡಿದ. ಹಿಂದಿನ ಸಂಜೆಯ ರೋಗಿಗಳ ಸಾಲು ಎಷ್ಟು ಉದ್ದವಿತ್ತೋ ಅಷ್ಟೇ ಅಗತ್ಯವಾಗಿ ಮರುದಿನದ ಆ ಮೌನವೂ ಬೇಕಾಗಿತ್ತು.

ಇನ್ನು ದೇಹದ ವಿಷಯಕ್ಕೆ ಬರೋಣ. 2001ರಲ್ಲಿ ಇಟಲಿಯ ಪಾವಿಯಾದ ವೈದ್ಯ ಲೂಚಿಯಾನೋ ಬೆರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯಲ್ಲಿ ಜಪಸರದ ಪ್ರಾರ್ಥನೆ ಹೇಳಿಸಿ, ಜೊತೆಗೆ ಒಂದು ಬೌದ್ಧ ಮಂತ್ರವನ್ನೂ ಹೇಳಿಸಿ, ಉಸಿರು, ಹೃದಯದ ಬಡಿತ, ರಕ್ತದೊತ್ತಡಗಳನ್ನು ಅಳೆದರು. ಎರಡರಲ್ಲಿಯೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಇಬ್ಬರು ಹಂಚಿಕೊಂಡು ಹೇಳುವಾಗ ಒಂದು ಮಣಿಗೆ ಸುಮಾರು ಹತ್ತು ಸೆಕೆಂಡು ಹಿಡಿಯುತ್ತದೆ. ನಮ್ಮ ರಕ್ತದೊತ್ತಡದಲ್ಲಿ ಸಹಜವಾಗಿಯೇ ಏರಿಳಿಯುವ ಒಂದು ಅಲೆ ಇದೆ. ಅದರ ಅವಧಿಯೂ ಸುಮಾರು ಹತ್ತು ಸೆಕೆಂಡು. ಎರಡೂ ತಾಳ ಕೂಡಿದಾಗ ಒತ್ತಡವನ್ನು ಹದದಲ್ಲಿಡುವ ವ್ಯವಸ್ಥೆ ಚುರುಕಾಯಿತು. ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ ಒತ್ತಡವನ್ನು ಗಮನಿಸುವ ಸೂಕ್ಷ್ಮ ನರತುದಿಗಳಿವೆ. ಒತ್ತಡ ಏರಿದಾಗ ಅವು ಮೆದುಳಿಗೆ ಸುದ್ದಿ ಕಳುಹಿಸಿ ಹೃದಯದ ವೇಗ ತಗ್ಗಿಸುತ್ತವೆ. ಆ ಪ್ರತಿಕ್ರಿಯೆಯ ಅಳತೆ ಸರಾಸರಿ 9.5ರಿಂದ 11.5ಕ್ಕೆ ಏರಿತ್ತು.

ಇದನ್ನು ಓದಿ ಹಿಗ್ಗುವ ಮೊದಲು ಎರಡು ಮಾತು. ಇದು 23 ಜನರ ಅಧ್ಯಯನ, ಅವರೆಲ್ಲ ಆರೋಗ್ಯವಂತರು, ಅಳೆದದ್ದು ಪ್ರಾರ್ಥನೆ ಹೇಳುತ್ತಿದ್ದ ಹೊತ್ತಿನಲ್ಲಿ. ಜಪಸರದಿಂದ ರಕ್ತದೊತ್ತಡದ ಕಾಯಿಲೆ ಗುಣವಾಗುತ್ತದೆಂದು ಅದರಲ್ಲಿ ಎಲ್ಲಿಯೂ ಇಲ್ಲ. ಎರಡನೆಯದು, ಬೌದ್ಧ ಮಂತ್ರಕ್ಕೂ ಅದೇ ಫಲ ಸಿಕ್ಕಿದೆ. ದೇಹದ ಮಟ್ಟಿಗೆ ಕೆಲಸ ಮಾಡುವುದು ನಿಧಾನವಾದ ಉಸಿರು. ಅದನ್ನು ಒಪ್ಪಿಕೊಂಡರೆ ನಮ್ಮ ಧರ್ಮಕ್ಕೇನೂ ಕುಂದು ಬರುವುದಿಲ್ಲ. ಹಸಿದವನಿಗೆ ಹಾಕಿದ ಗಂಜಿ ದೇಹಕ್ಕೆ ಹೇಗೆ ದಕ್ಕುತ್ತದೆ ಎಂದು ತಿಳಿದುಕೊಂಡರೆ ಗಂಜಿ ಹಾಕಿದವರ ಪುಣ್ಯ ಕಡಿಮೆಯಾಗುತ್ತದೆಯೇ?

ಆದರೆ ಇದರಲ್ಲಿ ನಮ್ಮ ಮನೆಗಳಿಗೆ ಒಂದು ಪಾಠವಂತೂ ಇದೆ. ಧಾರಾವಾಹಿ ಶುರುವಾಗುವ ಮೊದಲು ಮುಗಿಸಬೇಕೆಂದು ಐದು ಸುತ್ತನ್ನು ಆತುರಾತುರವಾಗಿ ಓಡಿಸುವವರನ್ನು ನಾನು ಕಂಡಿದ್ದೇನೆ. ಮುಂದಾಳು ಮುಗಿಸುವ ಮೊದಲೇ ಹಿಂದಿನವರು ಶುರುಮಾಡಿರುತ್ತಾರೆ, ಒಬ್ಬರ ಮಾತಿನ ಮೇಲೆ ಒಬ್ಬರ ಮಾತು. ಹಾಗೆ ಹೇಳಿದರೆ ಉಸಿರು ಇಳಿಯುವುದಿರಲಿ, ಬಸ್ಸು ಹಿಡಿಯಲು ಓಡಿದವರ ಹಾಗೆ ಏರುತ್ತದೆ. ಪೂರ್ತಿ ಹೇಳಲು ಸಮಯವಿಲ್ಲದಿದ್ದರೆ ಎರಡೇ ಸುತ್ತು ಹೇಳಿ, ನಿಧಾನವಾಗಿ ಹೇಳಿ. ಪಾದ್ರಿಗಳು ಇದಕ್ಕೆ ಏನೆನ್ನುವರೋ, ಹೃದಯದ ವೈದ್ಯರು ಖಂಡಿತ ಒಪ್ಪುತ್ತಾರೆ.

ಗುಣಪಡಿಸು ಎಂದು ಬೇಡುವ ಪ್ರಾರ್ಥನೆಯ ಪರೀಕ್ಷೆಯೂ ನಡೆದಿದೆ. ಅಮೆರಿಕದ ವೈದ್ಯ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ 1,802 ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗಾಗಿ ಕ್ರೈಸ್ತ ಪ್ರಾರ್ಥನಾ ತಂಡಗಳು 14 ದಿನ ಪ್ರಾರ್ಥಿಸಿದವು, ಎರಡನೆಯ ಗುಂಪಿಗಾಗಿ ಪ್ರಾರ್ಥಿಸಲಿಲ್ಲ. ಈ ಎರಡೂ ಗುಂಪಿನವರಿಗೆ ತಾವು ಯಾವ ಗುಂಪು ಎಂಬುದು ಗೊತ್ತಿರಲಿಲ್ಲ. ಮೂರನೆಯ ಗುಂಪಿಗೆ ಮಾತ್ರ, ನಿಮಗಾಗಿ ಪ್ರಾರ್ಥನೆ ನಡೆಯುತ್ತದೆ ಎಂದು ಹೇಳಿಯೇ ಪ್ರಾರ್ಥಿಸಲಾಯಿತು. 2006ರಲ್ಲಿ ಫಲಿತಾಂಶ ಹೊರಬಂತು. ಶಸ್ತ್ರಚಿಕಿತ್ಸೆಯ ನಂತರ ತೊಂದರೆ ಕಾಣಿಸಿಕೊಂಡದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 52 ಮಂದಿಗೆ, ಎರಡನೆಯದರಲ್ಲಿ 51 ಮಂದಿಗೆ. ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದ ಮೂರನೆಯ ಗುಂಪಿನಲ್ಲಿ 59 ಮಂದಿಗೆ! ನನ್ನ ಸ್ಥಿತಿ ಅಷ್ಟು ಗಂಭೀರವೇ, ಪ್ರಾರ್ಥನಾ ತಂಡವನ್ನೇ ಕರೆಸಬೇಕಾಯಿತೇ ಎಂಬ ಹೆದರಿಕೆ ಕಾರಣವಿರಬಹುದೆಂದು ಕೆಲವರು ಊಹಿಸಿದರು.

ಈ ಫಲಿತಾಂಶವನ್ನು ಹಿಡಿದು ಪ್ರಾರ್ಥನೆಯೇ ವ್ಯರ್ಥ ಎಂದವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ದೇವರನ್ನು ಔಷಧಿಯ ಅಂಗಡಿಯವನಂತೆ ಕಾಣುವುದು ಸರಿಯಲ್ಲ ಎಂಬುದಷ್ಟೇ ಅದರಿಂದ ಸಿದ್ಧವಾದದ್ದು. ಪೌಲನನ್ನು ನೋಡಿ. ತನ್ನ ಶರೀರದಲ್ಲಿದ್ದ ಮುಳ್ಳಿನಂಥ ಒಂದು ಬಾಧೆಯನ್ನು ತೆಗೆದುಹಾಕು ಎಂದು ಮೂರು ಬಾರಿ ಬೇಡಿಕೊಂಡೆನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತಾನೇ ಹೇಳುತ್ತಾನೆ. ಅದು ಹೋಗಲಿಲ್ಲ. ಪೌಲನಿಗೆ ನಂಬಿಕೆ ಸಾಲದಾಗಿತ್ತು ಎಂದು ಹೇಳುವ ಧೈರ್ಯ ಯಾವ ಬೋಧಕರಿಗಿದೆ? ಅದೇ ಪೌಲ ತಿಮೊಥೇಯನ ಹೊಟ್ಟೆಯ ತೊಂದರೆಗೆ ಬರೀ ನೀರು ಕುಡಿಯುವುದು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಸಲಹೆ ಕೊಡುತ್ತಾನೆ. (ನನ್ನ ಕೆಲವು ಗಂಡಸು ರೋಗಿಗಳು ಇದೊಂದು ವಾಕ್ಯವನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. 'ಸ್ವಲ್ಪ' ಎಂಬ ಪದವನ್ನು ಮರೆತಿದ್ದಾರೆ.) ಅವನ ಜೊತೆಗಾರ ಲೂಕ ವೈದ್ಯ. ಕಥೋಲಿಕ ಬೈಬಲಿನಲ್ಲಿರುವ ಸಿರಾಖನ ಪುಸ್ತಕದ 38ನೇ ಅಧ್ಯಾಯವಂತೂ, ಕಾಯಿಲೆ ಬಿದ್ದಾಗ ದೇವರಲ್ಲಿ ಪ್ರಾರ್ಥಿಸು, ಆಮೇಲೆ ವೈದ್ಯನಿಗೂ ಸ್ಥಳ ಬಿಡು, ಔಷಧಿಗಳನ್ನು ನೆಲದಿಂದ ಹುಟ್ಟಿಸಿದವನೂ ದೇವರೇ ಎಂಬ ಅರ್ಥದಲ್ಲಿ ಸ್ಪಷ್ಟವಾಗಿ ಮಾತಾಡುತ್ತದೆ.

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಜೆಸ್ವಿತ್ ಗುರು ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರುಮಾಡಿದರು. ಹತ್ತು ವರ್ಷದ ಮೇಲೆ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿದರು. ಗುರುಗಳಾದವರಿಗೆ ದಿನದ ಜಪ ಕಡ್ಡಾಯ, ಅವರಿಗೆ ಪ್ರಾರ್ಥನೆಯ ಮೇಲೆ ನಂಬಿಕೆ ಕಡಿಮೆ ಇತ್ತೆಂದು ಯಾರೂ ಹೇಳಲಾರರು. ಆದರೂ ಬಾಗಿಲಿಗೆ ಬಂದ ಕುಷ್ಠರೋಗಿಗೆ ಪ್ರಾರ್ಥನೆ ಹೇಳಿ ವಾಪಸು ಕಳುಹಿಸಲಿಲ್ಲ, ಹಾಸಿಗೆ ಹಾಸಿಕೊಟ್ಟರು.

ಔಷಧಿ ಬಿಡುವುದರಿಂದ ಆಗುವ ಹಾನಿಯನ್ನು ಬಿಡಿಸಿ ಹೇಳಬೇಕು. ಫಿಟ್ಸ್ ಬರುವ ಮಗುವಿನ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಬಿಡುವಿಲ್ಲದೆ ಒಂದರ ಮೇಲೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ. ಸುವಾರ್ತೆಯಲ್ಲಿ ಬರುವ, ನೆಲಕ್ಕೆ ಬಿದ್ದು ನೊರೆ ಕಾರುತ್ತಿದ್ದ ಹುಡುಗನ ಕಥೆಯನ್ನು ತಂದೆತಾಯಿಗಳು ನನಗೆ ಹೇಳುವುದುಂಟು. ಆ ಹುಡುಗನ ಅಪ್ಪ ಅಳುತ್ತಾ, ನನ್ನ ನಂಬಿಕೆ ಸಾಲದು, ನೆರವಾಗು ಎಂದು ಕೇಳಿದವನು ಎಂದು ನಾನು ಅವರಿಗೆ ನೆನಪು ಮಾಡುತ್ತೇನೆ. ಸಾಲದ ನಂಬಿಕೆಗಾಗಿ ಯಾರೂ ಅವನನ್ನು ಹೊರಗೆ ಕಳುಹಿಸಲಿಲ್ಲ. ಮಕ್ಕಳಲ್ಲಿ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕ್ಷಯರೋಗದ ಔಷಧಿಯನ್ನು ಮಧ್ಯದಲ್ಲಿ ಬಿಟ್ಟರೆ ಮುಂದೆ ಆ ಔಷಧಿಗೆ ಬಗ್ಗದ ಕ್ಷಯ ಬರುತ್ತದೆ, ಅದು ಮನೆಯವರಿಗೂ ಹರಡುತ್ತದೆ. ರಕ್ತದೊತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ. ಆದ್ದರಿಂದಲೇ ಅದು ಗುಣವಾಯಿತೆಂದು ನಂಬುವುದು ಅಷ್ಟು ಸುಲಭ.

ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಖಿನ್ನತೆಯ ರೋಗಿಗೆ ಪ್ರಾರ್ಥನೆಯೂ ಒಣಗಿಹೋಗುತ್ತದೆ. ಬಾಯಿ ಹೇಳುತ್ತದೆ, ಮನಸ್ಸು ಮುಟ್ಟುವುದಿಲ್ಲ. ಆಗ ಅವರು ತನ್ನ ಪಾಪದಿಂದ ಹೀಗಾಯಿತು ಎಂದುಕೊಳ್ಳುತ್ತಾರೆ. ಇನ್ನೂ ಹೆಚ್ಚು ಪ್ರಾರ್ಥಿಸು ಎಂದು ಮನೆಯವರು ಒತ್ತಾಯಿಸುವುದು ಕಾಲು ಮುರಿದವನಿಗೆ ಓಡು ಎಂದ ಹಾಗೆ. ಮತ್ತೆ ಕೆಲವರಿಗೆ ಪ್ರಾರ್ಥನೆಯೇ ಗೀಳಾಗುತ್ತದೆ. ಒಂದು ಪದ ತಪ್ಪಿತೇನೋ ಎಂದು ಮೊದಲಿನಿಂದ ಶುರುಮಾಡುತ್ತಾರೆ, ಮಾಡಿದ ಪಾಪನಿವೇದನೆಯನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಜೆಸ್ವಿತ್ ಸಂಸ್ಥೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಕೂಡ 1522ರಲ್ಲಿ ಮನ್ರೇಸಾದಲ್ಲಿದ್ದಾಗ ಇಂಥದೇ ಸಂಕಟದಲ್ಲಿ ತಿಂಗಳುಗಟ್ಟಲೆ ನರಳಿದರು. ಇದು ಭಕ್ತಿ ಹೆಚ್ಚಾದದ್ದಲ್ಲ, ಚಿಕಿತ್ಸೆ ಇರುವ ಕಾಯಿಲೆ.

ಹಾಗಾದರೆ ದಿನದ ಪ್ರಾರ್ಥನೆಯಿಂದ ಸಿಗುವುದೇನು? ಸಾಯುವ ಅಪಾಯದ ಲೆಕ್ಕವೂ ಒಂದಿದೆ. ಅಮೆರಿಕದಲ್ಲಿ 74,534 ಮಹಿಳೆಯರನ್ನು, ಎಲ್ಲರೂ ನರ್ಸುಗಳು, ಹದಿನಾರು ವರ್ಷ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಆರಾಧನೆಗೆ ಹೋಗುತ್ತಿದ್ದವರಲ್ಲಿ ಆ ಅವಧಿಯ ಸಾವಿನ ಪ್ರಮಾಣ ಎಂದೂ ಹೋಗದವರಿಗಿಂತ ನೂರಕ್ಕೆ 33ರಷ್ಟು ಕಡಿಮೆ ಇತ್ತು. ಅದು ಆರಾಧನೆಗೆ ಹೋಗುವುದರ ಲೆಕ್ಕ, ಮನೆಯ ಪ್ರಾರ್ಥನೆಯದಲ್ಲ. ಹೋಗುವವರು ಸಿಗರೇಟು ಸೇದುವುದು ಕಡಿಮೆ, ಅವರಿಗೆ ನಾಲ್ಕು ಜನರ ಆಸರೆ ಹೆಚ್ಚು, ಖಿನ್ನತೆ ಕಡಿಮೆ ಎಂದೂ ಅದರಲ್ಲೇ ಕಂಡುಬಂತು. ನನಗೆ ಮುಖ್ಯವಾಗಿ ಕಾಣುವುದು ಈ ನಾಲ್ಕು ಜನರ ಆಸರೆ. ಸಂಜೆ ಏಳಕ್ಕೆ ಮನೆಯಲ್ಲಿ ಎಲ್ಲರೂ ಒಂದೆಡೆ ಕೂತರೆ, ಅಜ್ಜಿಯ ಬಾಯಿ ಸೊಟ್ಟಗಾದದ್ದು, ಮಗ ಕುಡಿದು ಬಂದದ್ದು, ಸೊಸೆ ಮೂರು ದಿನದಿಂದ ಸಪ್ಪಗಿರುವುದು ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂತ ಮನೆಯಲ್ಲಿ ಅದು ಬೀಳುವುದಿಲ್ಲ.

ದಿನವೂ ಪ್ರಾರ್ಥಿಸುವವರು ಮಾತ್ರೆ ಬಿಡುವುದು ಏಕೆ ಕಡಿಮೆ ಎಂಬುದಕ್ಕೆ ನನಗೆ ಹೊಳೆಯುವ ಕಾರಣ ಇದು: ದಿನವೂ ಕೇಳುವವನಿಗೆ ಕೇಳಿದ್ದೆಲ್ಲ ಸಿಗುವುದಿಲ್ಲ ಎಂಬುದು ಅಭ್ಯಾಸವಾಗಿರುತ್ತದೆ. ಸಿಗದಿದ್ದರೂ ಮರುದಿನ ಅದೇ ಹೊತ್ತಿಗೆ ಅದೇ ಚಾಪೆಯ ಮೇಲೆ ಕೂತಿರುತ್ತಾನೆ. ದೀರ್ಘಕಾಲದ ಕಾಯಿಲೆಗೆ ಬೇಕಾದದ್ದೂ ಇಂಥದೇ ಸ್ವಭಾವ. ಇವತ್ತು ನುಂಗಿದ ಮಾತ್ರೆಯಿಂದ ಇವತ್ತು ಏನೂ ಕಾಣುವುದಿಲ್ಲ, ನಾಳೆಯೂ ನುಂಗಬೇಕು.

ಬಹಳ ದಿನ ಹೇಳಿದ ಪ್ರಾರ್ಥನೆ ಎಲ್ಲಿಯವರೆಗೆ ಉಳಿಯುತ್ತದೆ ಎಂಬುದನ್ನು ನಾನು ನನ್ನ ತಾಯಿಯಲ್ಲಿಯೇ ಕಂಡೆ. ಕೊನೆಯ ಎರಡು ವರ್ಷ ಮರೆವಿನ ಕಾಯಿಲೆಯಲ್ಲಿ ಅವರಿಗೆ ನಮ್ಮ ಗುರುತೇ ಹತ್ತುತ್ತಿರಲಿಲ್ಲ. ಸಂಜೆಯಾದರೆ ಗಾಬರಿ, ಮನೆಗೆ ಹೋಗಬೇಕು ಎಂದು ಬಾಗಿಲು ತಟ್ಟುವುದು. ಅಕ್ಕ ಪಕ್ಕದಲ್ಲಿ ಕೂತು ನಿಧಾನವಾಗಿ ತೆರ್ಸ್ ಶುರುಮಾಡಿದರೆ, ತನ್ನ ಹೆಸರೇ ಹೇಳಲಾಗದ ಅಮ್ಮ ಎರಡನೆಯ ಅರ್ಧವನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಚಿಕ್ಕಂದಿನಿಂದ ಸಾವಿರಾರು ಬಾರಿ ಹೇಳಿದ್ದು ಮೆದುಳಿನಲ್ಲಿ ಬೇರೆ ದಾರಿಯಲ್ಲಿ ಉಳಿದಿರುತ್ತದೆ. ಹೊಸ ನೆನಪುಗಳು ಮೊದಲು ಹೋಗುತ್ತವೆ, ಇಂಥವು ಕಡೆಗೆ. ಹಾಡಿನಲ್ಲಿಯೂ ಹೀಗೆಯೇ. ಮನೆಯಲ್ಲಿ ಮರೆವಿನ ಕಾಯಿಲೆಯವರಿದ್ದರೆ ಅವರಿಗೆ ಬಾಲ್ಯದಿಂದ ಗೊತ್ತಿರುವ ಪ್ರಾರ್ಥನೆಯನ್ನು, ಗೊತ್ತಿರುವ ಭಾಷೆಯಲ್ಲಿ, ದಿನವೂ ಅದೇ ಹೊತ್ತಿಗೆ ಹೇಳಿಸಿ ನೋಡಿ. ಗಾಬರಿ ಕೊಂಚ ತಗ್ಗುವುದನ್ನು ನಾನು ಬೇರೆ ಮನೆಗಳಲ್ಲಿಯೂ ಕಂಡಿದ್ದೇನೆ.

ಮಂಡಿ ಸವೆದವರು ನೆಲದ ಮೇಲೆ ಮೊಣಕಾಲೂರಬೇಕಾಗಿಲ್ಲ, ಕುರ್ಚಿ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ತಪಸ್ಸುಕಾಲದ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಿ. ಕಾಯಿಲೆಯವರಿಗೆ ಧರ್ಮಸಭೆಯೇ ವಿನಾಯಿತಿ ಕೊಟ್ಟಿದೆ.

ರೋಗಿಗೆ ಪ್ರಾರ್ಥಿಸು ಎಂದು ಹೇಳುವುದು ವೈದ್ಯನ ಕೆಲಸವಲ್ಲ ಎಂದು ನಾನು ಸಾಮಾನ್ಯವಾಗಿ ಆ ಮಾತಿಗೇ ಹೋಗುವುದಿಲ್ಲ. ಈ ಬಾಯಮ್ಮ ದೇವರ ಹೆಸರು ಎತ್ತಿದ್ದರಿಂದ ಮಾತ್ರ ಬಾಯಿ ಬಿಟ್ಟೆ. ಮಾತ್ರೆಯ ಡಬ್ಬಿಯನ್ನು ಪೀಠದ ಕೆಳಗೆ, ಜಪಸರ ಇಡುವಲ್ಲಿಯೇ ಇಡಿ, ತೆರ್ಸ್ ಮುಗಿದ ಕೂಡಲೇ ನುಂಗಿ ಎಂದೆ. ಉಳಿದರ್ಧ ಹೇಳುವವರಿಲ್ಲ ಎಂಬ ದೂರಿಗೆ ಪರಿಹಾರವನ್ನು ಅವರ ಮಗಳೇ ಕಂಡುಕೊಂಡಳು. ರಾತ್ರಿ ಎಂಟಕ್ಕೆ ಬೆಂಗಳೂರಿನಿಂದ ಫೋನು ಮಾಡುತ್ತಾಳೆ, ಎರಡು ಸುತ್ತು ಹೇಳುತ್ತಾರೆ. ಕೊನೆಯಲ್ಲಿ ಮಗಳು ಬೆಸಾಂವ್ ಕೇಳಿ, "ಅಮ್ಮಾ, ಮಾತ್ರೆ?" ಎನ್ನುತ್ತಾಳಂತೆ. ಹೋದ ತಿಂಗಳು ಬಂದಾಗ ಒತ್ತಡ 138/84 ಇತ್ತು. ಕೂಟಕ್ಕೆ ಈಗಲೂ ಹೋಗುತ್ತೀರಾ ಎಂದು ಕೇಳಿದೆ. ಹೋಗುತ್ತೇನೆ ಎಂದರು; ಮೂರು ದಿನಕ್ಕಾಗುವಷ್ಟು ಮಾತ್ರೆ ಚೀಲದಲ್ಲಿ ಹಾಕಿಕೊಂಡೇ ಹೋಗುವುದಂತೆ.